ಕೊಕ್ಕರೆಯ ದನಿ

ಬಸ್ಸು ಕೆಟ್ಟು ನಿಲ್ಲಲಿ ಎಂದು ಜಲಜಾ ದೇವರನ್ನು ಬೇಡಿಕೊಂಡದ್ದು ಇದೇ ಮೊದಲು. ಉಳಿದ ದಿನಗಳಲ್ಲಿ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯ ಸ್ಟಾಪಿನಲ್ಲಿ ಅರ್ಧ ಗಂಟೆ ಕಾಯಿಸಿ, ಆಮೇಲೆ ಒಂದರ ಬೆನ್ನಿಗೆ ಒಂದರಂತೆ ಮೂರು ಒಟ್ಟಿಗೆ ಬಂದು ನಿಲ್ಲುವ ನಲವತ್ತೆರಡನೇ ನಂಬರಿನ ಬಸ್ಸು, ಇವತ್ತು ಮಾತ್ರ ಮುಹೂರ್ತ ಮೀರಿಹೋಗುತ್ತದೆ ಎಂಬಂತೆ ಓಡುತ್ತಿತ್ತು. ರಸ್ತೆಯ ಒಂದೊಂದು ಸಿಗ್ನಲ್ಲೂ ಅದರ ಮುಖ ಕಂಡ ಕೂಡಲೇ ಹಸಿರಾಗುತ್ತಿತ್ತು. ರಷೋಮ್‌ನ ಮಿಠಾಯಿ ಅಂಗಡಿಗಳು, ಸೀರೆ ಅಂಗಡಿಗಳು, ಡಿಸೆಂಬರಿನ ಮಂಕು ಮಧ್ಯಾಹ್ನದಲ್ಲೇ ಹೊತ್ತಿಸಿಟ್ಟ ಬಣ್ಣದ ದೀಪಗಳು ಕಿಟಕಿಯಾಚೆ ಸರಸರನೆ ಹಿಂದಕ್ಕೆ ಹೋದವು.

"ಅಮ್ಮಾ, ವಿ ಆರ್ ಸೋ ಅರ್ಲಿ!" ಎಂದಳು ಕೃತಿ. ಮಹಡಿ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಅವಳ ಸ್ವಂತ ಆಸ್ತಿ. ಇಳಿಯುವ ಮೊದಲು ಗಂಟೆಯ ಕೆಂಪು ಗುಂಡಿ ಒತ್ತುವುದು ಮೂರನೇ ವಯಸ್ಸಿನಿಂದಲೂ ಅವಳದೇ ಹಕ್ಕು. ಬೇರೆ ಯಾರಾದರೂ ಒತ್ತಿಬಿಟ್ಟರೆ ಮನೆ ಮುಟ್ಟುವವರೆಗೆ ಮುಖ ಊದಿಸಿಕೊಂಡಿರುತ್ತಿದ್ದಳು. ಮೊನ್ನೆ ಮಂಗಳವಾರಕ್ಕೆ ಅವಳಿಗೆ ಒಂಬತ್ತು ತುಂಬಿತ್ತು.

"ಹೂಂ ಪುಟ್ಟಿ. ಬೇಗಾನೇ ಬಂದ್ಬಿಟ್ವಿ," ಎಂದಳು ಜಲಜಾ, ಯಾರೋ ತನಗೆ ಮೋಸ ಮಾಡಿದರೆಂಬ ದನಿಯಲ್ಲಿ.

ನಾಟಕದ ಟಿಕೆಟ್ಟು ತಂದದ್ದು ಗಂಡ ನಾಗಭೂಷಣ. ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವುದು ಅವನ ಕಸುಬು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದರೆ ಮನೆಯ ಸೋಫಾ ಅವನಿಗೆ ಅದೇ ಉಪಕಾರವನ್ನು ಮಾಡುತ್ತಿತ್ತು. ಹೆಂಡತಿ, ಮಗಳು ಕೂತು ನೋಡುವ ಮಿಂಚುಳ್ಳಿಯ ವಿಡಿಯೊ ಕ್ಯಾಸೆಟ್ಟು ಆರು ವರ್ಷದಲ್ಲಿ ಇನ್ನೂರು ಸಲವಾದರೂ ಅವನೆದುರು ಓಡಿತ್ತು, ಇನ್ನೂರು ಸಲವೂ ಅವನು ಗೊರಕೆ ಹೊಡೆದಿದ್ದ. ಹಾಗಾಗಿ ಅದರ ಕಥೆ ಏನು ಎಂದು ಅವನಿಗೆ ಗೊತ್ತಿರಲಿಲ್ಲ. ಆ ಕಾರ್ಟೂನ್ ಚಿತ್ರವನ್ನು ಈಗ ಹಾಡು ಕುಣಿತದ ನಾಟಕ ಮಾಡಿ ರಂಗಕ್ಕೆ ತಂದಿದ್ದಾರೆ ಎಂದು ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ಓದಿದವನೇ ಮಗಳ ಹುಟ್ಟುಹಬ್ಬಕ್ಕೆ ಮೂರು ಟಿಕೆಟ್ ತೆಗೆಸಿಬಿಟ್ಟಿದ್ದ. "ನಿಮ್ಮಿಬ್ಬರ ಮಿಂಚುಳ್ಳಿ ಸ್ಟೇಜಿಗೆ ಬಂದಿದೆ ಕಣೇ! ಹಕ್ಕಿಗಳು ನಿಜವಾಗ್ಲೂ ಹಾರ್ತವಂತೆ!" ಎಂದು ಅವನು ಅಡುಗೆಮನೆ ಬಾಗಿಲಲ್ಲಿ ಲಕೋಟೆ ಆಡಿಸಿದಾಗ ಜಲಜಾ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯಲು ತೆಗೆದುಕೊಂಡಿದ್ದಳು. ಕೃತಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಿದ್ದಳು. ಕೊನೆಗೆ ಶನಿವಾರ ಬೆಳಿಗ್ಗೆ ಯಾರೋ ಡಾಕ್ಟರಿಗೆ ಜ್ವರ ಬಂದು, ಡ್ಯೂಟಿ ಪಟ್ಟಿ ಬದಲಾಗಿ, ನಾಗಭೂಷಣ ಆಸ್ಪತ್ರೆಗೆ ಓಡಬೇಕಾಯಿತು. ಓಡುವ ಮೊದಲು "ನೀವಿಬ್ರೂ ಹೋಗ್ಬನ್ನಿ, ನಂಗೋಸ್ಕರ ತಪ್ಪಿಸ್ಕೋಬೇಡಿ" ಎಂದು ಇದ್ದ ಒಂದು ನೆಪವನ್ನೂ ಕಿತ್ತುಕೊಂಡು ಹೋದ.

ಆ ಚಿತ್ರದ ಕಥೆ ಇಷ್ಟೆ. ಪ್ರವಾಹದಲ್ಲಿ ತೇಲಿಬಂದ ಒಂದು ಮೊಟ್ಟೆಯನ್ನು ಬೂದು ಬಣ್ಣದ ಕೊಕ್ಕರೆಯೊಂದು ತನ್ನ ಗೂಡಿಗೆ ತಂದು ಕಾವು ಕೊಡುತ್ತದೆ. ನೀಲಿ ಮಿಂಚುಳ್ಳಿ ಮರಿ ಹುಟ್ಟುತ್ತದೆ. ಮರಿ ಕೊಕ್ಕರೆಯನ್ನೇ ಅಮ್ಮ ಅಂದುಕೊಂಡು ಬೆಳೆಯುತ್ತದೆ. ಒಂದು ದಿನ ಜೌಗಿನ ಮುದಿ ಕಪ್ಪೆ ಹಾಡಿನಲ್ಲಿ ನಿಜ ಹೇಳಿಬಿಡುತ್ತದೆ: ಅವಳು ನಿನ್ನ ಅಮ್ಮ ಅಲ್ಲ. ಮರಿ ತನ್ನ ಹೆತ್ತಮ್ಮನನ್ನು ಹುಡುಕಿಕೊಂಡು ಹೋಗುತ್ತದೆ. ಹೊಳೆದಂಡೆಯ ಬಿಲದಲ್ಲಿ ಸಿಗುವುದು ಒಂದು ನೀಲಿ ಗರಿ ಮಾತ್ರ. ಆ ದೇಶದಲ್ಲಿ ಈ ಕಥೆ ಗೊತ್ತಿಲ್ಲದ ಮಗುವಿರಲಿಲ್ಲ.

ಗೊತ್ತಿಲ್ಲದ ಒಂದೇ ಮಗು ತನ್ನ ಮನೆಯಲ್ಲಿದೆ ಎಂದು ಜಲಜಾ ನಂಬಿದ್ದಳು.

ಯಾಕೆಂದರೆ ಕೃತಿಯನ್ನು ಹೆತ್ತವಳು ಜಲಜಾ ಅಲ್ಲ, ಅವಳ ಅಕ್ಕ ನೀರಜಾ. ಮೈಸೂರಿನ ನಾರಾಯಣಸ್ವಾಮಿ ಮೇಷ್ಟ್ರು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಅರ್ಥ ಬರುವ ಹೆಸರಿಟ್ಟಿದ್ದರು, ತಾವರೆಯ ಹೆಸರು. ನಾಗಭೂಷಣನನ್ನು ಮದುವೆಯಾಗಿ ಮ್ಯಾಂಚೆಸ್ಟರಿಗೆ ಬಂದ ನೀರಜಾ, ಮಗುವಿಗೆ ಹದಿನಾಲ್ಕು ತಿಂಗಳಾದಾಗ ರಕ್ತದ ಕಾಯಿಲೆಯಿಂದ ಹೋದಳು. ಜಲಜಾ ಮೊದಲ ಸಲ ಆರು ತಿಂಗಳ ವೀಸಾದ ಮೇಲೆ ಚಿಕ್ಕಮ್ಮನಾಗಿ ಬಂದಳು. ಎರಡನೆಯ ಸಲ ಹೆಂಡತಿಯಾಗಿ ಬಂದಳು. 'ಭಾವ' ಎಂದು ಕರೆಯುವುದನ್ನು ಬಿಟ್ಟು 'ರೀ' ಅನ್ನುವುದಕ್ಕೆ ಅವಳ ನಾಲಿಗೆಗೆ ಒಂದು ವರ್ಷ ಹಿಡಿಯಿತು. ಮಗು ಮಾತ್ರ ಯಾರೂ ಹೇಳಿಕೊಡದೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು 'ಅಮ್ಮಾ' ಎಂದು ಕೂಗಿತ್ತು. ಆ ಕೂಗಿಗೆ ಜಲಜಾ ಓಗೊಟ್ಟಿದ್ದಳು.

"ಮಗೂಗೆ ಈಗಲೇ ಏನೂ ಹೇಳೋದು ಬೇಡ. ದೊಡ್ಡವಳಾಗ್ಲಿ, ನೋಡೋಣ," ಎಂದು ಮೈಸೂರಿನಿಂದ ಅಪ್ಪ ಫೋನಿನಲ್ಲಿ ತೀರ್ಪು ಕೊಟ್ಟರು. ಅಕ್ಕನ ಫೋಟೊಗಳೆಲ್ಲ ಉಣ್ಣೆ ಬಟ್ಟೆಗಳ ಕೆಳಗೆ, ಕಪಾಟಿನ ಮೇಲಿನ ಸೂಟ್‌ಕೇಸ್ ಸೇರಿದವು. ದೊಡ್ಡವಳಾಗುವುದು ಎಂದರೆ ಮೊದಲು ಐದು ವರ್ಷ ಎಂದಿತ್ತು, ಆಮೇಲೆ ಏಳಾಯಿತು, ಈಗ ಒಂಬತ್ತೂ ದಾಟಿತು. ಆ ಮನೆಯಲ್ಲಿ ನೀರಜಾಳ ಹೆಸರು ಬರುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಫೆಬ್ರವರಿಯಲ್ಲಿ, ನಾಗಭೂಷಣ ಎಳ್ಳುನೀರು ಬಿಡುವಾಗ, ಮಂತ್ರದ ಮಧ್ಯೆ ತಗ್ಗಿದ ದನಿಯಲ್ಲಿ. ಕೃತಿ ಕೇಳಿದರೆ "ಅಜ್ಜಿ ತಿಥಿ" ಎನ್ನುತ್ತಿದ್ದರು. ಬೇಸಿಗೆಯಲ್ಲಿ ನಾಗಭೂಷಣನ ತಾಯಿಯ ತಿಥಿ ಬಂದಾಗಲೂ ಅದೇ ಉತ್ತರ. ಎರಡು ದಿನವೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ವಡೆ, ಪಾಯಸ. ಎರಡು ದಿನವೂ ಹಿತ್ತಲಿನ ಬೇಲಿಯ ಮೇಲೆ ಅನ್ನದ ಉಂಡೆ. ಮ್ಯಾಂಚೆಸ್ಟರಿನ ಕಾಗೆಗಳಿಗೆ ಪಿತೃಕಾರ್ಯದ ಪರಿಚಯವಿಲ್ಲ, ಕಪ್ಪು ಬಿಳುಪಿನ ಮ್ಯಾಗ್‌ಪೈಗಳೇ ಬಂದು ತಿಂದು ಹೋಗುತ್ತಿದ್ದವು.

ಆ ಕ್ಯಾಸೆಟ್ಟನ್ನು ಮೊದಲು ತಂದದ್ದು ಜಲಜಾಳೇ, ಸೂಪರ್ ಮಾರ್ಕೆಟಿನಿಂದ, ಹಕ್ಕಿಯ ಚಿತ್ರ ಚೆನ್ನಾಗಿದೆ ಎಂದು. ಮಗು ಮಲಗಿದ್ದಾಗ ಒಬ್ಬಳೇ ಹಾಕಿ ನೋಡಿದಳು. ಕಪ್ಪೆಯ ಹಾಡು ಬಂದಾಗ ಎದ್ದು ಟಿವಿ ಆರಿಸಿ, ಸಿಂಕಿನ ಮುಂದೆ ನಿಂತು ಅತ್ತಳು. ಬಚ್ಚಿಟ್ಟ ಕ್ಯಾಸೆಟ್ಟು ಮೂರು ವರ್ಷದ ಮಗುವಿನ ಕೈಗೇ ಸಿಕ್ಕಿತು; ಬೇಕೇ ಬೇಕೆಂದು ಹಟ. ಆಗ ಜಲಜಾಳಿಗೆ ಉಪಾಯ ಹೊಳೆಯಿತು. ಮದುವೆಗೆ ಮೊದಲು ಮೈಸೂರು ಆಕಾಶವಾಣಿಯಲ್ಲಿ ಮಕ್ಕಳ ನಾಟಕಗಳಿಗೆ ದನಿ ಕೊಡುತ್ತಿದ್ದವಳು ಅವಳು. ನರಿ, ಅಜ್ಜಿ, ರಾಜಕುಮಾರ, ಮಳೆರಾಯ ಎಲ್ಲವೂ ಆಗಿದ್ದವಳು. ಟಿವಿಯ ದನಿಯನ್ನು ಇಲಿ ಕಿಚಗುಟ್ಟುವಷ್ಟಕ್ಕೆ ಇಳಿಸಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಡೀ ಚಿತ್ರವನ್ನು ಕನ್ನಡದಲ್ಲಿ ತಾನೇ ಮಾತಾಡಿದಳು. ಮರಿಗೆ ಇಂಗ್ಲಿಷಿನಲ್ಲಿ ಬೇರೇನೋ ಹೆಸರಿತ್ತು, ಅವಳ ಬಾಯಲ್ಲಿ ಅದು 'ಮಿಂಚು' ಆಯಿತು. ಕಪ್ಪೆಗೆ ತನ್ನ ಹೈಸ್ಕೂಲಿನ ಹೆಡ್‌ಮಾಸ್ಟರರ ದನಿ ಕೊಟ್ಟಳು. ಕೊಕ್ಕರೆಗೆ ತನ್ನದೇ ದನಿ.

ಅಮ್ಮ ಬೂದು, ಮಗಳು ನೀಲಿ, ಯಾಕೆ? ಅಮ್ಮನೂ ಚಿಕ್ಕವಳಿದ್ದಾಗ ನೀಲಿಯೇ ಇದ್ದಳು, ಪಾತ್ರೆ ತೊಳೆದೂ ತೊಳೆದೂ ಬೂದಾಗಿಹೋದಳು. ಕಪ್ಪೆ ನಿಜ ಹೇಳುವ ಜಾಗದಲ್ಲಿ ಹೆಡ್‌ಮಾಸ್ಟರ್ ಕಪ್ಪೆ ಮಿಂಚುಗೆ ಹೋಮ್‌ವರ್ಕ್ ಕೇಳಿ, ರಜೆ ಕೊಟ್ಟು ಊರಿಗೆ ಕಳಿಸುತ್ತಿತ್ತು. ಹೊಳೆದಂಡೆಯ ಬಿಲ ಅಜ್ಜಿ ಮನೆ. ಅಜ್ಜಿ ಪೇಟೆಗೆ ಹೋಗಿರುತ್ತಾಳೆ, ಮೊಮ್ಮಗಳಿಗೆ ಅಂತ ಒಂದು ಗರಿ ಇಟ್ಟು ಹೋಗಿರುತ್ತಾಳೆ. ಮಿಂಚು ಗರಿ ಕಚ್ಚಿಕೊಂಡು ಮನೆಗೆ ಬಂದಾಗ ಕೊಕ್ಕರೆ ಬೈಯುತ್ತಿತ್ತು: "ಬಂದ್ಯಾ ಮಗಳೇ? ಊಟ ಆರಿಹೋಯ್ತು. ಬಾ, ಬಿಸಿ ಮಾಡಿ ಬಡಿಸ್ತೀನಿ."

ಕೃತಿ ಶಾಲೆಗೆ ಸೇರಿದಳು, ಇಂಗ್ಲಿಷ್ ಅವಳ ಬಾಯಿಗೆ ಬಂತು, ಕನ್ನಡ ಕಿವಿಯಲ್ಲೇ ಉಳಿಯಿತು. ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆದರೂ ಒಂದು ಸಲವಾದರೂ ವಾಲ್ಯೂಮ್ ಜಾಸ್ತಿ ಮಾಡು ಎನ್ನಲಿಲ್ಲ. ಜಲಜಾ ಅದನ್ನು ತನ್ನ ದನಿಯ ಗೆಲುವೆಂದೇ ತಿಳಿದಿದ್ದಳು.

ಈಗ ಥಿಯೇಟರಿನ ಮೆಟ್ಟಿಲುಗಳನ್ನು ಅವಳು ನಿಂತು ನಿಂತು ಹತ್ತಿದಳು. ಇಲ್ಲಿ ಯಾವ ಗುಂಡಿ ತಿರುಗಿಸಿ ದನಿ ಇಳಿಸುವುದು?

ಒಳಗೆ ಕೆಂಪು ಮಖಮಲ್ಲಿನ ಸೀಟುಗಳು, ಚಾವಣಿಯ ತುಂಬ ಬಂಗಾರದ ಬಳ್ಳಿಗಳು, ನೂರಾರು ಮಕ್ಕಳು. ಪ್ರತಿ ಮಗುವಿನ ಕೈಯಲ್ಲೂ ಗುಂಡಿ ಒತ್ತಿದರೆ ಮಿನುಗುವ ಪ್ಲಾಸ್ಟಿಕ್ ನೀಲಿ ಗರಿ. ಕೃತಿಗೂ ಒಂದು ಕೊಡಿಸಿದ್ದಾಯಿತು. ಮೂರನೆಯ ಸೀಟು ಖಾಲಿ. ಅದರ ಮೇಲೆ ತನ್ನ ಬೂದು ಕೋಟನ್ನೂ ಮಗಳ ನೀಲಿ ಕೋಟನ್ನೂ ಮಡಿಸಿಟ್ಟು ಜಲಜಾ ಕೂತಳು. ರಂಗದ ಮುಂದಿನ ತಗ್ಗಿನಲ್ಲಿ ವಾದ್ಯದವರು ಶ್ರುತಿ ಕೂಡಿಸಿಕೊಳ್ಳುತ್ತಿದ್ದರು. ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಆಮೇಲೆ ಹೊಳೆ ಬಂತು. ಒಂದೇ ಒಂದು ನೀಲಿ ರೇಷ್ಮೆಯ ಬಟ್ಟೆ, ರಂಗದ ಈ ತುದಿಯಿಂದ ಆ ತುದಿಯವರೆಗೆ. ಅದರ ಕೆಳಗೆ ಎಲ್ಲಿಂದಲೋ ಗಾಳಿ. ಬಟ್ಟೆ ಉಸಿರಾಡತೊಡಗಿತು, ನೀರಾಯಿತು, ಮಂಜಿನ ವಾಸನೆ ಬಂದಂತಾಯಿತು. ನೀರಿನಾಚೆಯಿಂದ ಕೊಕ್ಕರೆ ನಡೆದು ಬಂದಿತು. ಮೂವರು ಅದನ್ನು ಆಡಿಸುತ್ತಿದ್ದರು, ಕಪ್ಪು ಬಟ್ಟೆ ತೊಟ್ಟವರು, ಏನೂ ಮರೆಮಾಚದೆ ಕಣ್ಣೆದುರಿಗೇ. ಉದ್ದನೆಯ ಕೋಲಿನ ಮೇಲೆ ಕತ್ತು ಹಿಡಿದವಳು ಒಬ್ಬಳು, ರೆಕ್ಕೆಗೊಬ್ಬೊಬ್ಬರು. ಕೊಕ್ಕರೆಯ ಕಾಲು ಎಂದರೆ ಕತ್ತು ಹಿಡಿದವಳ ಕಾಲೇ. ಮೊದಲ ಐದು ನಿಮಿಷ ಜಲಜಾಳಿಗೆ ಆ ಮೂವರೇ ಕಂಡರು. ಆಮೇಲೆ ಯಾವಾಗ ಅವರು ಅಳಿಸಿಹೋದರೋ ತಿಳಿಯಲಿಲ್ಲ, ಹಕ್ಕಿಯೊಂದೇ ಉಳಿಯಿತು. ರೆಕ್ಕೆ ಬಿಚ್ಚಿದಾಗ ಅರ್ಧ ರಂಗ ಅದರ ನೆರಳಿನಲ್ಲಿ ಮುಚ್ಚಿಹೋಯಿತು. ಆ ನೆರಳಿನೊಳಗೆ ಒಂದು ಸಣ್ಣ ನೀಲಿ ಚುಕ್ಕೆ ಚಿವ್ ಎಂದಿತು, ಮಕ್ಕಳೆಲ್ಲ ಒಟ್ಟಿಗೆ ಗರಿ ಮಿನುಗಿಸಿದರು.

ಕೊಕ್ಕರೆ ಬಾಯಿ ತೆರೆದು ಇಂಗ್ಲಿಷಿನಲ್ಲಿ ಹಾಡಿದಾಗ ಜಲಜಾಳಿಗೆ ವಿಚಿತ್ರವಾಯಿತು. ಆರು ವರ್ಷ ತಾನು ಮಾತಾಡಿದ ಬಾಯಿ ಅದು. ಈಗ ಅದು ತನ್ನಷ್ಟಕ್ಕೆ ತಾನೇ ಮಾತಾಡುತ್ತಿತ್ತು, ಗಂಭೀರವಾದ, ತುಂಬಿದ, ಚೂರೂ ಪಾತ್ರೆ ತೊಳೆಯದ ದನಿ. ಜಲಜಾಳ ತುಟಿ ತಾನಾಗಿ ಅಲುಗುತ್ತಿತ್ತು. ಒಳಗೊಳಗೇ ತನ್ನ ಮಾತುಗಳನ್ನು ಹೇಳಿಕೊಳ್ಳುತ್ತಿದ್ದಳು. ಕನಸಿನಲ್ಲಿ ತನ್ನ ಮನೆಗೇ ಹೋಗಿ ಅಲ್ಲಿ ಬೇರೆಯವರು ವಾಸವಿರುವುದನ್ನು ಕಂಡ ಹಾಗಿತ್ತು. ಮನೆ ಚೆಂದವೇ ಇತ್ತು, ಅದನ್ನೂ ಅವಳು ಒಪ್ಪಬೇಕಾಯಿತು.

ಮಧ್ಯಂತರದಲ್ಲಿ ಕತ್ತಿಗೆ ತಟ್ಟೆ ತೂಗುಹಾಕಿಕೊಂಡ ಹೆಂಗಸು ಐಸ್‌ಕ್ರೀಮ್ ಮಾರುತ್ತ ಬಂದಳು. ಕೃತಿ ಮರದ ಚಮಚದಿಂದ ಕೆರೆಕೆರೆದು ತಿನ್ನುತ್ತಿದ್ದಳು. ಇನ್ನು ಹತ್ತು ನಿಮಿಷಕ್ಕೆ ಕಪ್ಪೆ ಬರುತ್ತದೆ. ಜಲಜಾಳಿಗೆ ಮಗಳ ಮುಖ ನೋಡುವುದಕ್ಕೆ ಆಗಲಿಲ್ಲ. ಅವಳಿಗಿದ್ದ ಭಯ ದೊಡ್ಡದೇನಲ್ಲ, ಆದರೆ ಅವಳ ಇಡೀ ಬದುಕಿನಷ್ಟಿತ್ತು. ಕಪ್ಪೆ ಹಾಡು ಮುಗಿಸಿದ ಮೇಲೆ ಈ ಹುಡುಗಿ ನನ್ನ ಕಡೆ ತಿರುಗಿ, ಯಾಕೆ ನೀನು ಬೇರೆ ಕಥೆ ಹೇಳಿದೆ ಎಂದು ಕೇಳುತ್ತಾಳೆ. ನಾನು ಸುಳ್ಳು ಹೇಳುತ್ತೇನೆ, ನನ್ನ ಮುಖ ಹೇಳುವುದಿಲ್ಲ. ನಾಳೆಯಿಂದ ಇವಳು 'ಅಮ್ಮಾ' ಎನ್ನುವಾಗ ಒಂದು ಗಳಿಗೆ ತಡೆದು ಅನ್ನುತ್ತಾಳೆ. ಆ ಒಂದು ಗಳಿಗೆಯನ್ನು ಹೇಗೆ ತಾಳಿಕೊಳ್ಳಲಿ? ಅದರ ಬೆನ್ನಿಗೇ ಇನ್ನೊಂದು ನೋವು, ಅದು ಹಳೆಯದು. ಇವಳನ್ನು ಹೊಟ್ಟೆಯಲ್ಲಿ ಹೊತ್ತ ಅಕ್ಕನನ್ನು ಉಣ್ಣೆ ಬಟ್ಟೆಯ ಕೆಳಗೆ ಮುಚ್ಚಿಟ್ಟು, ಅವಳ ಹೆಸರಿನ ಪಾಯಸವನ್ನು ಬೇರೆಯವರ ಹೆಸರಿನಲ್ಲಿ ಬಡಿಸುತ್ತ ಬಂದೆನಲ್ಲ.

"ಪುಟ್ಟಿ," ಎಂದಳು, "ನಂಗ್ಯಾಕೋ ತಲೆ ನೋಯ್ತಾ ಇದೆ ಕಣೇ. ಮನೆಗೆ ಹೋಗೋಣ್ವಾ? ಇನ್ನೊಂದ್ಸಲ ಅಪ್ಪನ ಜೊತೆ ಬರೋಣ."

ಕೃತಿ ಚಮಚ ಬಾಯಲ್ಲಿಟ್ಟುಕೊಂಡೇ ಅವಳನ್ನು ನೋಡಿದಳು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಐಸ್‌ಕ್ರೀಮಿನ ತಣ್ಣನೆಯ ಬೆರಳುಗಳನ್ನು ಅಮ್ಮನ ಹಣೆಯ ಮೇಲಿಟ್ಟಳು.

"ಇಟ್ಸ್ ಓಕೆ, ಅಮ್ಮಾ," ಎಂದಳು. "ಐ ಆಮ್ ಹಿಯರ್."

ಮತ್ತೆ ಕತ್ತಲಾಯಿತು. ಜೌಗು ಬಂತು, ಹಸಿರು ಮಂಜು, ತೂಗಾಡುವ ಆಪಿನ ಹುಲ್ಲು. ಮಧ್ಯದಲ್ಲಿ ದೊಡ್ಡದೊಂದು ತಾವರೆ ಎಲೆಯ ಮೇಲೆ ಮುದಿ ಕಪ್ಪೆ ಗಂಟಲು ಉಬ್ಬಿಸಿಕೊಂಡು ಎದ್ದು ಕೂತಿತು. ಪಿಟೀಲುಗಳು ಇಳಿದ ಸ್ವರದಲ್ಲಿ ಶುರುವಾದವು. ಜಲಜಾ ಸೀಟಿನ ತೋಳನ್ನು ಬಿಗಿಯಾಗಿ ಹಿಡಿದಳು. ಕಪ್ಪೆ ನಿಧಾನವಾಗಿ, ಒಂದೊಂದು ಶಬ್ದವನ್ನೂ ಬಿಡಿಸಿ ಬಿಡಿಸಿ, ತೇಲಿಬಂದ ಮೊಟ್ಟೆಯ ಕಥೆಯನ್ನು ಹಾಡತೊಡಗಿತು. ಇಡೀ ಥಿಯೇಟರ್ ಉಸಿರು ಬಿಗಿಹಿಡಿದು ಕೇಳುತ್ತಿತ್ತು.

ಆಗ ಅವಳ ಕಿವಿಯ ಹತ್ತಿರ ಬಿಸಿಯುಸಿರು ತಾಕಿತು. ಕೃತಿ ಸೀಟಿನ ಮೇಲೆ ಮೊಣಕಾಲೂರಿ ಅವಳ ಕಡೆ ಬಾಗಿದ್ದಳು. ಎರಡು ಕೈ ಬಾಯಿಗೆ ಮರೆ ಮಾಡಿಕೊಂಡು ಪಿಸುಗುಟ್ಟಿದಳು, ಹೆಡ್‌ಮಾಸ್ಟರರ ಮೂಗಿನ ದನಿಯಲ್ಲಿ:

"ಏನಮ್ಮಾ ಮಿಂಚು, ಹೋಮ್‌ವರ್ಕ್ ಮುಗಿಸಿದ್ಯಾ? ಮಗ್ಗಿ ಬಾಯಿಪಾಠ ಆಯ್ತಾ?"

ಜಲಜಾ ತಾನಾಗಿಯೇ ಆ ದನಿಯ ಕಡೆ ಬಾಗಿದಳು.

"ನಿಮ್ಮಮ್ಮ ಯಾಕೆ ಬೂದು ಗೊತ್ತಾ? ಚಿಕ್ಕೋಳಿದ್ದಾಗ ನಿನ್ನ ಹಾಗೇ ನೀಲಿ ಇದ್ಲು. ಪಾತ್ರೆ ತೊಳೆದೂ ತೊಳೆದೂ ಬೂದಾಗ್ಹೋದ್ಲು ಪಾಪ. ಹೋಗು, ರಜಾ ಕೊಟ್ಟಿದೀನಿ, ಅಜ್ಜಿ ಮನೆಗೆ ಹೋಗಿ ಬಾ. ಸಂಜೆ ಒಳಗೆ ವಾಪಸ್ ಬಂದ್ಬಿಡ್ಬೇಕು."

ಒಂದಕ್ಷರ ತಪ್ಪಿರಲಿಲ್ಲ. 'ಪಾಪ' ಎನ್ನುವಲ್ಲಿ ಜಲಜಾ ಕೊಡುತ್ತಿದ್ದ ನಿಟ್ಟುಸಿರು ಕೂಡ ಅಲ್ಲೇ ಇತ್ತು. 'ನೀರು ಕೊಡು' ಎಂಬ ಎರಡು ಮಾತನ್ನು ಕನ್ನಡದಲ್ಲಿ ಹೇಳಿಸಲು ಹತ್ತು ಸಲ ಗೋಗರೆಯಬೇಕಾದ ಹುಡುಗಿ ಇವಳು. ರಂಗದ ಮೇಲೆ ಕಪ್ಪೆ ನಿಜ ಹೇಳುತ್ತಿತ್ತು. ಮಗಳು ಅಮ್ಮನ ಕಿವಿಗೆ ಆ ನಿಜ ತಾಕದ ಹಾಗೆ ಮಾತನ್ನು ಅಡ್ಡ ಹಿಡಿದಿದ್ದಳು. ಇವಳಿಗೆ ಇಂಗ್ಲಿಷ್ ಕಥೆ ಮೊದಲೇ ಗೊತ್ತು ಎಂದು ಜಲಜಾಳಿಗೆ ಆಗ ತಿಳಿಯಿತು. ಯಾವತ್ತಿನಿಂದಲೋ ಗೊತ್ತು. ಯಾವುದೋ ಗೆಳತಿಯ ಮನೆಯಲ್ಲಿ ನೋಡಿರಬೇಕು, ಇಲ್ಲವೇ ಆ ಇಲಿಯ ಕಿಚಕಿಚವೇ ಈ ಕಿವಿಗೆ ಸಾಕಾಗಿತ್ತೋ ಏನೋ. ಗೊತ್ತಿದ್ದೂ ತುಟಿ ಪಿಟಕ್ಕೆನ್ನದೆ, ವರ್ಷಗಟ್ಟಲೆ ತೊಡೆಯ ಮೇಲೆ ಕೂತು ತನ್ನ ಕಥೆಯನ್ನೇ ಕೇಳಿದ್ದಳು.

ಮಿಂಚುಳ್ಳಿ ಹಾರಿತು. ಕಪ್ಪು ಬಟ್ಟೆಯ ಹುಡುಗಿಯೊಬ್ಬಳು ತೆಳ್ಳನೆಯ ಸರಳಿನ ತುದಿಯಲ್ಲಿ ಅದನ್ನು ಹಿಡಿದು ರೇಷ್ಮೆಯ ಹೊಳೆಯ ಮೇಲೆ ಓಡಿದಳು, ಓಡಿದಳು. ಬೆಳಕು ನೀಲಿಯಿಂದ ಕಡು ನೀಲಿಗೆ ಇಳಿಯಿತು. ಹೊಳೆದಂಡೆ ಬಂತು, ಬಿಲ ಬಂತು. ಒಳಗೆ ಒಂದೇ ಒಂದು ಗರಿ.

"ಅಜ್ಜಿ ಪೇಟೆಗೆ ಹೋಗಿದಾಳೆ," ಎಂದು ಕಿವಿಯಲ್ಲಿ ಪಿಸುದನಿ ಬಂತು. "ಮಿಂಚುಗೆ ಅಂತ ಇಟ್ಟು ಹೋಗಿದಾಳೆ. ಅಲ್ಲೇ ನಿಂತ್ಕೋಬೇಡ ಮಿಂಚು. ಕತ್ತಲಾಗುತ್ತೆ. ಅಮ್ಮ ಕಾಯ್ತಿರ್ತಾಳೆ."

ಆ ಕೊನೆಯ ಮಾತು ಜಲಜಾಳದಲ್ಲ. ಅವಳು ಯಾವತ್ತೂ ಅದನ್ನು ಹೇಳಿರಲಿಲ್ಲ.

ರಂಗದ ಮೇಲೆ ಕೊಕ್ಕರೆ ಒಂಟಿಯಾಗಿ ನಿಂತಿತ್ತು, ಕತ್ತು ತಗ್ಗಿಸಿ, ಒಂದೇ ಕಾಲಿನ ಮೇಲೆ. ನೀಲಿ ಚುಕ್ಕೆ ಬಂದು ಅದರ ರೆಕ್ಕೆಯ ಅಂಚಿಗೆ ಕೂತಿತು. ಪಿಟೀಲುಗಳೆಲ್ಲ ಒಮ್ಮೆಗೇ ನಿಂತವು. ಕಿವಿಯ ಹತ್ತಿರದ ಪಿಸುಮಾತೂ ನಿಂತಿತು. ಜಲಜಾ ಕಾದಳು.

"ನೀನು ಹೇಳು," ಎಂದಳು ಕೃತಿ. "ಇದು ನಿಂದು."

ಜಲಜಾ ಬಾಯಿ ತೆರೆದಳು. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಹೇಳಿದಳು, ಆಕಾಶವಾಣಿಯ ಯಾವ ಕಲೆಯೂ ಇಲ್ಲದ ಒಡೆದ ದನಿಯಲ್ಲಿ: "ಬಂದ್ಯಾ ಮಗಳೇ? ಊಟ ಆರಿಹೋಯ್ತು. ಬಾ… ಬಿಸಿ ಮಾಡಿ ಬಡಿಸ್ತೀನಿ."

ನಿಜವಾದ ಕೊಕ್ಕರೆ ಆ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಏನು ಹೇಳಿತೋ ಇಬ್ಬರಿಗೂ ಕೇಳಲಿಲ್ಲ. ದೀಪ ಬಂದಾಗ ಸುತ್ತಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇವರಿಬ್ಬರು ಕೂತೇ ಇದ್ದರು, ಕೃತಿ ಅಮ್ಮನ ಮೂಗನ್ನು ಪೇಪರ್ ನ್ಯಾಪ್ಕಿನ್ನಿನಿಂದ ಒರೆಸುತ್ತಿದ್ದಳು.

ಹೊರಗೆ ಐದು ಗಂಟೆಗೇ ಪೂರ್ತಿ ಕತ್ತಲು. ನಲವತ್ತೆರಡು ಬಂತು. ಮೇಲಂತಸ್ತಿನ ಮುಂದಿನ ಸೀಟು ಖಾಲಿ ಇತ್ತು. ಒದ್ದೆ ರಸ್ತೆಯಲ್ಲಿ ದೀಪಗಳು ಕರಗಿ ಹರಿಯುತ್ತಿದ್ದವು. ಜಲಜಾಳಿಗೆ ಇನ್ನೂ ರೇಷ್ಮೆಯ ಹೊಳೆಯ ಮೇಲೆಯೇ ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ರಷೋಮ್ ಬಂತು.

"ಅಮ್ಮಾ," ಎಂದಳು ಕೃತಿ, ಕಿಟಕಿಯಿಂದ ಕಣ್ಣು ತೆಗೆಯದೆ. "ಅಜ್ಜಿಗೆ ಯಾಕೆ ಎರಡು ತಿಥಿ?"

ಜಲಜಾ ಮಗಳ ಕೋಟಿನ ಕಾಲರು ಸರಿಮಾಡಿದಳು.

"ಒಂದು ಸಮರ್‌ನಲ್ಲಿ. ಅವತ್ತು ಯು ಡೋಂಟ್ ಕ್ರೈ. ಇನ್ನೊಂದು ಫೆಬ್ರವರಿ ಹಾಫ್ ಟರ್ಮ್ ರಜಾ ಹತ್ರ. ಅವತ್ತು ಯು ಕ್ರೈ ಇನ್ ದ ಕಿಚನ್. ಐ ಆಸ್ಕ್ಡ್ ಯು, ನೀನು ಈರುಳ್ಳಿ ಅಂದೆ." ಅವಳು ತಿರುಗಿದಳು. "ತಿಥಿ ದಿನ ನೋ ಆನಿಯನ್ಸ್, ಅಮ್ಮಾ."

ಜಲಜಾಳಿಗೆ ನಗು ಬಂತು, ಅದರ ಜೊತೆಗೇ ಅಳು ಬಂತು. ಎಂಟು ವರ್ಷ ಮೂರು ಜನ ದೊಡ್ಡವರು ಸೇರಿ ಕಟ್ಟಿದ ಗುಟ್ಟು ಒಂದು ಈರುಳ್ಳಿಯಿಂದ ರಟ್ಟಾಗಿತ್ತು.

"ಕಪಾಟಿನ ಮೇಲೆ ಸೂಟ್‌ಕೇಸ್‌ನಲ್ಲಿ ಫೋಟೊ ಇತ್ತು. ಐ ವಾಸ್ ಲುಕಿಂಗ್ ಫಾರ್ ಮೈ ಗ್ಲವ್ಸ್. ಬೇಬಿ ನಾನು. ನನ್ನ ಎತ್ಕೊಂಡಿದ್ದು ನೀನಲ್ಲ. ನೀಲಿ ಸೀರೆ. ಹಿಂದೆ ಅಪ್ಪ ಬರೆದಿದ್ರು, ನೀರಜಾ, ಕೃತಿ, ಡೇ ತ್ರೀ."

"ಯಾವಾಗ ನೋಡ್ದೆ?"

"ಹೋದ ವರ್ಷ."

"ಯಾಕೆ ಹೇಳ್ಲಿಲ್ಲ ಕಂದಾ?"

"ನೀನೂ ಹೇಳ್ಲಿಲ್ವಲ್ಲ," ಎಂದಳು ಕೃತಿ. ಅದರಲ್ಲಿ ದೂರು ಇರಲಿಲ್ಲ. ಇಬ್ಬರೂ ಒಂದೇ ಆಟ ಆಡುತ್ತಿದ್ದೆವಲ್ಲ ಎಂಬಂತಿತ್ತು.

ಬಸ್ಸು ಫಾಲೋಫೀಲ್ಡ್ ದಾಟಿತು. ಜಲಜಾ ತನ್ನ ಭಯವನ್ನು ಹುಡುಕಿದಳು. ಅದು ಇದ್ದ ಜಾಗದಲ್ಲಿ ಈಗ ಮಗಳ ತಲೆ ಒರಗಿತ್ತು. ಒಂದು ವರ್ಷದಿಂದ ಇವಳಿಗೆ ಗೊತ್ತಿತ್ತು. ಒಂದು ವರ್ಷದಿಂದ ಬೆಳಿಗ್ಗೆ, ಸಂಜೆ, ಸಾಕ್ಸು ಸಿಗದಾಗ, ಹೊಟ್ಟೆ ಹಸಿದಾಗ, 'ಅಮ್ಮಾ' ಎಂದು ಕೂಗುತ್ತಲೇ ಇದ್ದಳು. ಒಂದು ಸಲವೂ ತಡೆದು ಕೂಗಿರಲಿಲ್ಲ.

"ಅಮ್ಮಾ, ವಾಸ್ ಶಿ ನೈಸ್?"

"ನೈಸಾ?" ಜಲಜಾ ಕಣ್ಣೊರೆಸಿಕೊಂಡಳು. "ನನ್ನಕ್ಕ ಕಣೇ ಅವಳು. ನನ್ನ ಜಡೆ ಹಿಡ್ಕೊಂಡು ಎಳೀತಿದ್ಲು 'ನಿಮ್ಮಮ್ಮ'. ನನ್ನ ಪೆನ್ಸಿಲ್ ಎಲ್ಲಾ ಕದೀತಿದ್ಲು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೈಕಲ್ ಕಲಿಸ್ತೀನಿ ಅಂತ ಕರ್ಕೊಂಡು ಹೋಗಿ ನೀರಿಗೆ ಬೀಳಿಸಿದ್ಲು ನನ್ನ. ಆಮೇಲೆ ನಮ್ಮಪ್ಪ ಹೊಡೀತಾರೆ ಅಂತ ತಾನೂ ಬಿದ್ಲು." 'ನಿಮ್ಮಮ್ಮ' ಎಂಬ ಶಬ್ದ ಬಾಯಿಂದ ಹೊರಗೆ ಬಂದಿತ್ತು. ಬಸ್ಸು ನಿಲ್ಲಲಿಲ್ಲ, ಗಾಜು ಒಡೆಯಲಿಲ್ಲ.

ಕೃತಿ ಕಿಲಕಿಲ ನಕ್ಕಳು. ಆಮೇಲೆ ಪ್ಲಾಸ್ಟಿಕ್ ಗರಿಯನ್ನು ಒಮ್ಮೆ ಮಿನುಗಿಸಿ ಆರಿಸಿದಳು.

"ಅವರ ವಾಯ್ಸ್ ಮಾಡು," ಎಂದಳು.

"ಯಾರ್ದು?"

"ಅವರ್ದು. ಯು ಕ್ಯಾನ್ ಡೂ ಎವ್ರಿವನ್."

ನರಿ, ಅಜ್ಜಿ, ಹೆಡ್‌ಮಾಸ್ಟರ್, ಮಳೆರಾಯ, ಎಲ್ಲರ ದನಿಯನ್ನೂ ಮಾಡಿದ್ದ ಜಲಜಾ, ಅಕ್ಕನ ದನಿಯನ್ನು ಮಾತ್ರ ಎಂಟು ವರ್ಷದಿಂದ ನೆನಪಿನಲ್ಲಿಯೂ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡರೆ ಬದುಕುವುದು ಕಷ್ಟ ಎಂದು ಅದನ್ನೂ ಉಣ್ಣೆಬಟ್ಟೆಯ ಕೆಳಗೆ ಇಟ್ಟಿದ್ದಳು. ಅವಳು ಕಣ್ಣು ಮುಚ್ಚಿದಳು. ಗಂಟಲು ಸರಿಮಾಡಿಕೊಂಡಳು. ಸ್ವಲ್ಪ ದಪ್ಪ ದನಿ, ಮಾತಿನ ಕೊನೆಗೆ ಮೇಲಕ್ಕೇಳುವ ಒಂದು ಎಳೆತ, ಯಾವಾಗಲೂ ನಗುವಿಗೆ ಒಂದಂಗುಲ ದೂರ.

"ಏನೇ ಗುಂಡಮ್ಮಾ," ಎಂದಿತು ದನಿ, "ಹಾಲು ಕುಡಿದ್ಯೇನೇ? ಕುಡೀದೆ ಬಟ್ಟಲು ಬಗ್ಗಿಸ್ಬಿಟ್ಟ್ಯಾ, ಕಳ್ಳಿ! ನಿಮ್ಮ ಚಿಕ್ಕಮ್ಮ ಬರ್ಲಿ, ಹೇಳ್ತೀನಿ ಇರು…"

ಕೃತಿ ಅಲುಗಾಡದೆ ಕೂತು ಕೇಳಿದಳು. ಬಾಯಿ ಸ್ವಲ್ಪ ತೆರೆದಿತ್ತು.

ಮುಂದೆ ಕತ್ತಲಲ್ಲಿ ಡಿಡ್ಸ್‌ಬರಿಯ ಅವರ ಸ್ಟಾಪಿನ ದೀಪ ಕಾಣಿಸಿತು. ಕೃತಿಯ ಕೈ ಅಭ್ಯಾಸದಿಂದ ಕೆಂಪು ಗುಂಡಿಯ ಕಡೆ ಹೋಯಿತು. ಬೆರಳು ಅದರ ಮೇಲೆ ಕೂತಿತು, ಒತ್ತಲಿಲ್ಲ. ಸ್ಟಾಪು ಹತ್ತಿರ ಬಂದು, ಹಿಂದೆ ಸರಿದುಹೋಯಿತು. ನೀರಜಾ ಮಾತಾಡುತ್ತಲೇ ಇದ್ದಳು.